ಶ್ರೀ ಥಾಣೇದಾರ್: ಧಾರವಾಡದ ಪದವಿ, ಡೆಟ್ರಾಯಿಟ್‌ನ ಮತ

ಶ್ರೀ ಥಾಣೇದಾರ್ (ಜನನ 22 ಫೆಬ್ರವರಿ 1955) ಅಮೆರಿಕದ ಪ್ರತಿನಿಧಿ ಸಭೆಗೆ ಮಿಷಿಗನ್ ರಾಜ್ಯದ 13ನೆಯ ಕ್ಷೇತ್ರದಿಂದ ಆಯ್ಕೆಯಾದ ಡೆಮಾಕ್ರಟಿಕ್ ಪಕ್ಷದ ರಾಜಕಾರಣಿ, ರಸಾಯನ ವಿಜ್ಞಾನಿ, ಉದ್ಯಮಿ. ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಬಿ.ಎಸ್ಸಿ. ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. 1979ರಲ್ಲಿ ವಿದ್ಯಾರ್ಥಿಯಾಗಿ ಅಮೆರಿಕ ಸೇರಿದ ಅವರು ಅಲ್ಲಿ ಪರೀಕ್ಷಾಲಯಗಳ ಉದ್ಯಮ ಕಟ್ಟಿದರು, ಅದನ್ನು ಕಳೆದುಕೊಂಡರು, ಮತ್ತೆ ಕಟ್ಟಿದರು. ಅರವತ್ತು ದಾಟಿದ ಮೇಲೆ ರಾಜಕೀಯಕ್ಕೆ ಇಳಿದು 2023ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಮಿಷಿಗನ್‌ನಿಂದ ಅಮೆರಿಕದ ಸಂಸತ್ತಿಗೆ ಹೋದ ಮೊದಲ ಭಾರತೀಯ ಮೂಲದ ವ್ಯಕ್ತಿ ಅವರು.

ಇದೇ ವಿಶ್ವವಿದ್ಯಾಲಯದ ಇನ್ನೊಬ್ಬ ಪದವೀಧರ ಚಂದ್ರ ಆರ್ಯ 2015ರಿಂದ 2025ರವರೆಗೆ ಕೆನಡಾದ ಸಂಸತ್ತಿನಲ್ಲಿದ್ದರು. ಒಂದೇ ವಿಶ್ವವಿದ್ಯಾಲಯದ ಪದವಿ ಹಿಡಿದು ಹೊರಟ ಇಬ್ಬರು ಎರಡು ದೇಶಗಳ ಸಂಸತ್ತಿನಲ್ಲಿ ಕೂತದ್ದು ಅಪರೂಪ. ಈ ಲೇಖನ ಮುಖ್ಯವಾಗಿ ಥಾಣೇದಾರ್ ಅವರದು. ಆದರೆ ಪಕ್ಕದಲ್ಲಿ ಆರ್ಯರನ್ನೂ, ಊರಲ್ಲೇ ಉಳಿದು ಲೋಕಸಭೆಗೆ ಹೋದ ಹುಬ್ಬಳ್ಳಿಯ ಉದ್ಯಮಿಯನ್ನೂ ಇಟ್ಟು ನೋಡದೆ ಅವರ ದಾರಿಯ ವಿಶೇಷ ಪೂರ್ತಿ ತಿಳಿಯುವುದಿಲ್ಲ.

ಬೆಳಗಾವಿ, ಧಾರವಾಡ, ಮುಂಬಯಿ

ಥಾಣೇದಾರ್ ಹುಟ್ಟಿದಾಗ ಚಿಕ್ಕೋಡಿ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮನೆಮಾತು ಮರಾಠಿ. ಕೆಳಮಧ್ಯಮ ವರ್ಗದ ದೊಡ್ಡ ಕುಟುಂಬ. ತಂದೆ ಕೆಲಸದಿಂದ ನಿವೃತ್ತರಾದಾಗ ಹುಡುಗನಿಗೆ ಹದಿನಾಲ್ಕು ವರ್ಷ. ಮನೆ ನಡೆಸಲು ಓದಿನ ಜೊತೆಗೇ ಸಿಕ್ಕ ಸಣ್ಣಪುಟ್ಟ ಕೆಲಸಗಳನ್ನು ಮಾಡಬೇಕಾಯಿತು. ಹದಿನೆಂಟನೆಯ ವಯಸ್ಸಿಗೆ ರಸಾಯನಶಾಸ್ತ್ರದಲ್ಲಿ ಪದವಿ ಕೈಗೆ ಬಂತು.

ಆ ಪದವಿಪತ್ರದ ಮೇಲೆ ಧಾರವಾಡದ ಹೆಸರು ಬಂದದ್ದಕ್ಕೆ ಒಂದು ಚರಿತ್ರೆಯಿದೆ. 1949ರ ಕಾಯಿದೆಯಿಂದ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮೊದಲು ಮುಂಬಯಿಯಲ್ಲಿ ಕಚೇರಿ ತೆರೆದು, ಮರುವರ್ಷ ಧಾರವಾಡಕ್ಕೆ ಬಂದಿತು. ಡಿ.ಸಿ. ಪಾವಟೆ 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಕಾಲದಲ್ಲಿ ಅದು ಬೆಟ್ಟದ ಮೇಲಿನ ತನ್ನ ಆವರಣವನ್ನೂ ಹೆಸರನ್ನೂ ಸಂಪಾದಿಸಿತು. ಬೆಳಗಾವಿ, ವಿಜಯಪುರ, ಕಾರವಾರ ಕಡೆಯ ಕಾಲೇಜುಗಳೆಲ್ಲ ಅದರ ವ್ಯಾಪ್ತಿಗೆ ಒಳಪಟ್ಟಿದ್ದವು. ಬೆಳಗಾವಿಗೆ ಇಂಥ ಸಾಮಾನ್ಯ ಪದವಿಗಳ ತನ್ನದೇ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ, ರಾಣಿ ಚೆನ್ನಮ್ಮನ ಹೆಸರಿನಲ್ಲಿ. ಅಲ್ಲಿಯವರೆಗೆ, ಸುಮಾರು ಅರವತ್ತು ವರ್ಷ, ಗಡಿಭಾಗದ ಮರಾಠಿ ಮನೆಯ ಹುಡುಗನಿಗೂ ಹಳ್ಳಿಯ ಕನ್ನಡ ಮನೆಯ ಹುಡುಗಿಗೂ ಪದವಿ ಕೊಟ್ಟದ್ದು ಧಾರವಾಡವೇ. ಗಡಿಯ ಜಗಳ ಬೀದಿಯಲ್ಲಿ ನಡೆಯುತ್ತಿದ್ದ ವರ್ಷಗಳಲ್ಲೂ ಪರೀಕ್ಷೆಯ ಫಲಿತಾಂಶ ಎಲ್ಲರಿಗೂ ಒಂದೇ ಕಡೆಯಿಂದ ಬರುತ್ತಿತ್ತು. ಈ ವಿಶ್ವವಿದ್ಯಾಲಯದ ಸೇವೆಯಲ್ಲಿ ಇದು ಸಣ್ಣದೇನಲ್ಲ.

ಬಿ.ಎಸ್ಸಿ. ಮುಗಿದ ಮೇಲೆ ಆ ಭಾಗದ ಬಹಳ ಮಂದಿ ಹಿಡಿಯುತ್ತಿದ್ದ ರೈಲನ್ನೇ ಥಾಣೇದಾರ್ ಹಿಡಿದರು. ಮುಂಬಯಿ ವಿಶ್ವವಿದ್ಯಾಲಯದಲ್ಲಿ 1977ರಲ್ಲಿ ಎಂ.ಎಸ್ಸಿ. ಮುಗಿಸಿ, ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಎರಡು ವರ್ಷ ಕೆಲಸ ಮಾಡಿದರು. ಸರ್ಕಾರಿ ನೌಕರಿ, ಅದೂ ಅಣುಶಕ್ತಿ ಇಲಾಖೆಯದು. ಮನೆಯ ಕಷ್ಟ ನೋಡಿದ ಯಾರೇ ಆದರೂ ಅಲ್ಲಿ ನಿಂತುಬಿಡುತ್ತಿದ್ದರು. ಅವರು ನಿಲ್ಲಲಿಲ್ಲ.

ಆಕ್ರನ್‌ನಿಂದ ಸೇಂಟ್ ಲೂಯಿಸ್‌ಗೆ

1979ರಲ್ಲಿ ಸೇರಿದ್ದು ಓಹಾಯೊ ರಾಜ್ಯದ ಆಕ್ರನ್ ವಿಶ್ವವಿದ್ಯಾಲಯಕ್ಕೆ. ಆಕ್ರನ್ ಅಂದರೆ ಟೈರುಗಳ ಊರು. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಕಂಪನಿಗಳು ಬೆಳೆದ ಜಾಗ. ಅಲ್ಲಿಯ ವಿಶ್ವವಿದ್ಯಾಲಯ ರಬ್ಬರಿನ ರಸಾಯನಶಾಸ್ತ್ರವನ್ನು ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಕಲಿಸುತ್ತ ಬಂದಿತ್ತು. ಥಾಣೇದಾರ್ ಆರಿಸಿಕೊಂಡದ್ದೂ ಪಾಲಿಮರ್ ರಸಾಯನಶಾಸ್ತ್ರವನ್ನು. 1982ರಲ್ಲಿ ಪಿಎಚ್.ಡಿ. ಆಯಿತು. ಬಳಿಕ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ, ಆಮೇಲೆ 1984ರಿಂದ ಪೆಟ್ರೊಲೈಟ್ ಎಂಬ ರಾಸಾಯನಿಕ ಕಂಪನಿಯಲ್ಲಿ ನೌಕರಿ. 1988ರಲ್ಲಿ ಅಮೆರಿಕದ ಪೌರತ್ವ ಬಂತು. ವ್ಯಾಪಾರದ ಓದಿಗೆಂದು ಫಾಂಟ್‌ಬಾನ್ ಎಂಬ ಶಿಕ್ಷಣ ಸಂಸ್ಥೆಯಲ್ಲಿ ಎಂ.ಬಿ.ಎ. ಕೂಡ ಮಾಡಿಕೊಂಡರು.

ಉದ್ಯಮ ಶುರುವಾದ ಬಗೆ ಗಮನಿಸಬೇಕಾದದ್ದು. ಸೇಂಟ್ ಲೂಯಿಸ್‌ನಲ್ಲಿ ಕೆಮಿರ್/ಪಾಲಿಟೆಕ್ ಎಂಬ ಚಿಕ್ಕ ಪರೀಕ್ಷಾಲಯವಿತ್ತು. 1990ರಲ್ಲಿ ಅಲ್ಲಿ ಗಂಟೆಯ ಲೆಕ್ಕದ ಕೂಲಿಗೆ ಸೇರಿದ ಥಾಣೇದಾರ್, ಮರುವರ್ಷ ಸಾಲ ತೆಗೆದು 75,000 ಡಾಲರಿಗೆ ಅದನ್ನೇ ಕೊಂಡರು. ಹೊಸದನ್ನು ಹುಟ್ಟುಹಾಕುವ ಬದಲು ನಡೆಯುತ್ತಿದ್ದ ಸಣ್ಣ ವ್ಯವಹಾರವನ್ನು ಒಳಗಿನಿಂದ ತಿಳಿದುಕೊಂಡು ಕೈಗೆ ತೆಗೆದುಕೊಳ್ಳುವುದು ಬಂಡವಾಳವಿಲ್ಲದ ವಲಸಿಗನಿಗೆ ಸಾಧ್ಯವಿದ್ದ ಜಾಣ ದಾರಿ.

ಅಂಥ ಪರೀಕ್ಷಾಲಯ ಮಾಡುವ ಕೆಲಸ ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ. ಒಂದು ಅಂಟು ಹಿಡಿಯದೆ ಬಿಟ್ಟುಕೊಂಡಿತು, ಒಂದು ಪ್ಲಾಸ್ಟಿಕ್ ಭಾಗ ಬಿರುಕುಬಿಟ್ಟಿತು, ಔಷಧದ ಸೀಸೆಯಲ್ಲಿ ಇರಬಾರದ ಕಣ ತೇಲುತ್ತಿದೆ, ಎದುರಾಳಿ ಕಂಪನಿಯ ಸಾಮಗ್ರಿಯಲ್ಲಿ ಏನೇನು ಎಷ್ಟೆಷ್ಟು ಬೆರೆತಿದೆ ತಿಳಿಯಬೇಕು: ಇಂಥ ಪ್ರಶ್ನೆ ಹೊತ್ತು ಕಾರ್ಖಾನೆಯವರೂ ವಕೀಲರೂ ಬರುತ್ತಾರೆ. ಅತಿಕೆಂಪು ಬೆಳಕಿನ ವರ್ಣಪಟಲ, ಅಣುರಾಶಿ ಅಳೆಯುವ ಯಂತ್ರ, ಮಿಶ್ರಣವನ್ನು ಬಿಡಿಬಿಡಿಯಾಗಿಸುವ ಕ್ರೊಮ್ಯಾಟೊಗ್ರಫಿ ಬಳಸಿ ಉತ್ತರ ಹುಡುಕಿ ಕೊಡಬೇಕು. ಇಲ್ಲಿ ಮುಖ್ಯ ಬಂಡವಾಳ ಪಿಎಚ್.ಡಿ. ಮಾಡಿದ ರಸಾಯನಜ್ಞರ ತಲೆ. 2005ರ ವೇಳೆಗೆ ಕೆಮಿರ್‌ನಲ್ಲಿ ಸುಮಾರು 160 ಮಂದಿ ನೌಕರರಿದ್ದರು, ವರ್ಷದ ಆದಾಯ ಸುಮಾರು 1.6 ಕೋಟಿ ಡಾಲರ್ ಮುಟ್ಟಿತ್ತು.

ಈ ವರ್ಷಗಳ ನಡುವೆಯೇ, 1996ರಲ್ಲಿ, ಅವರ ಮೊದಲ ಪತ್ನಿ ತೀರಿಕೊಂಡರು. ಇಬ್ಬರು ಚಿಕ್ಕ ಗಂಡುಮಕ್ಕಳನ್ನು ನೋಡಿಕೊಳ್ಳುತ್ತಲೇ ವ್ಯವಹಾರ ನಡೆಸಬೇಕಾಯಿತು. ಆ ದುಃಖವನ್ನೂ ಏಳುಬೀಳನ್ನೂ ಅವರು ಮರಾಠಿಯಲ್ಲಿ ಬರೆದ 'ಹೀ ಶ್ರೀಚೀ ಇಚ್ಛಾ' ಎಂಬ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಪುಸ್ತಕ ಮಹಾರಾಷ್ಟ್ರದಲ್ಲಿಯೂ ಬೆಳಗಾವಿಯಲ್ಲಿಯೂ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ರಾಜಕಾರಣಿಯಾಗುವ ಎಷ್ಟೋ ಮೊದಲೇ ಈ ಕಡೆಯ ಓದುಗರಿಗೆ ಅವರು ಗೊತ್ತಿದ್ದರು.

ಕುಸಿತ

ಸಾಲ ಮಾಡಿ ಬೆಳೆದ ಉದ್ಯಮ ಸಾಲದಿಂದಲೇ ಬಿತ್ತು. ಕೆಮಿರ್ ನಂತರ ಔಷಧ ಸಂಶೋಧನೆಯ ಕಂಪನಿಗಳನ್ನು ಥಾಣೇದಾರ್ ಒಂದಾದ ಮೇಲೊಂದು ಕೊಂಡಿದ್ದರು. ಅಜೋಫಾರ್ಮಾ ಅವುಗಳಲ್ಲಿ ದೊಡ್ಡದು. 2008ರ ಆರ್ಥಿಕ ಹಿಂಜರಿತದಲ್ಲಿ ಔಷಧ ಕಂಪನಿಗಳು ಹೊರಗುತ್ತಿಗೆಯನ್ನು ಕಡಿತ ಮಾಡಿದವು. ಕಂತು ನಿಂತಿತು. 2010ರಲ್ಲಿ ಸಾಲ ಕೊಟ್ಟ ಬ್ಯಾಂಕು ಎಲ್ಲವನ್ನೂ ವಶಕ್ಕೆ ತೆಗೆದುಕೊಂಡಿತು, ಇಪ್ಪತ್ತು ವರ್ಷದ ದುಡಿಮೆ ಕೈತಪ್ಪಿತು.

ಈ ಕುಸಿತದ ಒಂದು ಅಧ್ಯಾಯ ರಾಜಕೀಯದಲ್ಲೂ ಅವರ ಬೆನ್ನು ಬಿಡಲಿಲ್ಲ. ಸಮೂಹಕ್ಕೆ ಸೇರಿದ ನ್ಯೂ ಜೆರ್ಸಿಯ ಆನಿಕ್ಲಿನ್ ಎಂಬ ಪ್ರಯೋಗಶಾಲೆಯಲ್ಲಿ ಪ್ರಾಣಿಗಳ ಮೇಲೆ ಔಷಧ ಪರೀಕ್ಷೆ ನಡೆಯುತ್ತಿತ್ತು. ಬಾಗಿಲು ಮುಚ್ಚಿದಾಗ ನೂರಕ್ಕೂ ಹೆಚ್ಚು ಬೀಗಲ್ ನಾಯಿಗಳೂ ಹತ್ತಾರು ಮಂಗಗಳೂ ಒಳಗೆ ಉಳಿದವು. ಪ್ರಾಣಿದಯಾ ಸಂಘಟನೆಗಳು ಮುಂದೆ ಬಂದು ಅವುಗಳಿಗೆ ಆಶ್ರಯ ಹುಡುಕಬೇಕಾಯಿತು. 2018ರ ಚುನಾವಣೆಯಲ್ಲಿ ಈ ಸಂಗತಿ ಮತ್ತೆ ಹೊರಬಂದಾಗ, ಆಸ್ತಿ ಆಗಲೇ ಬ್ಯಾಂಕಿನ ಹಿಡಿತದಲ್ಲಿತ್ತು ಎಂಬುದು ಅವರ ಸಮರ್ಥನೆಯಾಗಿತ್ತು. ಕಾನೂನಿನ ಕಾಗದದಲ್ಲಿ ಮಾತು ಸರಿಯಿರಬಹುದು. ಆದರೆ ಮಾಲೀಕನಾಗಿದ್ದವನ ಹೊಣೆ ಬೀಗದ ಕೈ ಬೇರೆಯವರಿಗೆ ಹೋದ ದಿನವೇ ಮುಗಿಯುತ್ತದೆಯೇ ಎಂದು ಮತದಾರರು ಕೇಳಿದ್ದರಲ್ಲಿ ತಪ್ಪಿಲ್ಲ. ಉದ್ಯಮಿ ರಾಜಕೀಯಕ್ಕೆ ಬಂದರೆ ಅವನ ಲೆಕ್ಕಪುಸ್ತಕಗಳೂ ಜೊತೆಗೆ ಬರುತ್ತವೆ.

ಅದೇ 2010ರಲ್ಲಿ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಅವೊಮೀನ್ ಎಂಬ ಹೊಸ ಪರೀಕ್ಷಾಲಯ ತೆರೆದರು. ಕೆಲಸ ಹಳೆಯದೇ, ಸಾಲ ಮಾತ್ರ ಈ ಸಲ ಕಡಿಮೆ. ಆರು ವರ್ಷದಲ್ಲಿ ಅದು ಬೆಳೆದು ನಿಂತಿತು. 2016ರಲ್ಲಿ ಬಹುಪಾಲು ಷೇರನ್ನು ಹೂಡಿಕೆ ಸಂಸ್ಥೆಯೊಂದಕ್ಕೆ ಮಾರಿದರು. ಬಂದ ಹಣದಲ್ಲಿ ಒಂದು ಪಾಲನ್ನು ನೌಕರರಿಗೆ ಹಂಚಿದ್ದು ಸುದ್ದಿಯಾಯಿತು. ಕಂಪನಿಯ ಮುಂದಿನ ವ್ಯಾಪಾರದ ಬಗ್ಗೆ ತಪ್ಪು ಚಿತ್ರ ಕೊಟ್ಟರೆಂದು ಕೊಂಡವರು ಮರುವರ್ಷ ದಾವೆ ಹೂಡಿದ್ದೂ ಸುದ್ದಿಯಾಯಿತು. ಆರೋಪವನ್ನು ಥಾಣೇದಾರ್ ನಿರಾಕರಿಸಿದರು.

ಸೋಲು, ಬಳಿಕ ಡೆಟ್ರಾಯಿಟ್

ಹಣ ಕೈಗೆ ಬಂದ ಮೇಲೆ ಅವರು ಇಟ್ಟ ಮೊದಲ ಗುರಿ ಮಿಷಿಗನ್‌ನ ರಾಜ್ಯಪಾಲರ ಹುದ್ದೆ. ನಮ್ಮ ಮುಖ್ಯಮಂತ್ರಿಯ ಅಧಿಕಾರವಿರುವ, ಜನ ನೇರವಾಗಿ ಆರಿಸುವ ಸ್ಥಾನ ಅದು. ಪಂಚಾಯಿತಿಯನ್ನೂ ಕಾಣದ ವ್ಯಕ್ತಿ ನೇರ ಅಲ್ಲಿಗೇ ಕೈಹಾಕಿದ್ದು ದುಡುಕೇ ಸರಿ. 2018ರ ಆಗಸ್ಟ್‌ನಲ್ಲಿ ಪಕ್ಷದೊಳಗಿನ ಪ್ರೈಮರಿಯಲ್ಲಿ ಗ್ರೆಚನ್ ವಿಟ್ಮರ್ ಗೆದ್ದರು, ಅಬ್ದುಲ್ ಎಲ್-ಸಯ್ಯದ್ ಎರಡನೆಯವರಾದರು, ಥಾಣೇದಾರ್ ಮೂರನೆಯ ಸ್ಥಾನಕ್ಕೆ ನಿಂತರು. ಸ್ವಂತದ ಒಂದು ಕೋಟಿ ಡಾಲರಿನಷ್ಟು ಖರ್ಚಾಗಿತ್ತು. ಬಂದದ್ದು ಸುಮಾರು ಎರಡು ಲಕ್ಷ ಮತ, ಶೇಕಡಾ 18ರ ಆಸುಪಾಸು. ಯಾವ ಪಕ್ಷದಿಂದ ನಿಲ್ಲುವುದೆಂದು ಮೊದಲು ಅಳೆದು ನೋಡಿದ್ದರೆಂಬ ವರದಿಗಳು ಎಡಪಂಥೀಯ ಮತದಾರರಲ್ಲಿ ಅನುಮಾನ ಹುಟ್ಟಿಸಿದ್ದವು.

ಆ ಸೋಲಿನಲ್ಲಿ ಅವರಿಗೆ ಒಂದು ಸಂಗತಿ ಕಂಡಿತು. ಡೆಟ್ರಾಯಿಟ್ ನಗರದ ಮತದಾರರು, ಅದರಲ್ಲೂ ಬಡ ಬಡಾವಣೆಗಳವರು, ಅವರ ಕಡೆ ಒಲಿದಿದ್ದರು. ಡೆಟ್ರಾಯಿಟ್ ಒಂದು ಕಾಲಕ್ಕೆ ಜಗತ್ತಿನ ಕಾರುಗಳ ರಾಜಧಾನಿ. 1950ರಲ್ಲಿ ಅಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿದ್ದರು. ಕಾರ್ಖಾನೆಗಳು ಹೊರಟವು, ಬಿಳಿಯರು ಉಪನಗರಗಳಿಗೆ ಸರಿದರು. 2020ರ ಗಣತಿಯಲ್ಲಿ ಉಳಿದದ್ದು 6,39,111 ಜನ, ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಕರಿಯರು. 2013ರಲ್ಲಿ ನಗರಾಡಳಿತ ದಿವಾಳಿ ಅರ್ಜಿ ಹಾಕಿತ್ತು. ಬಡತನದಿಂದ ಬಂದೆ, ಬಿದ್ದೆ, ಎದ್ದೆ ಎಂಬ ಮಾತು ಅಂಥ ಊರಿನಲ್ಲಿ ಬೇರೆ ಕಡೆಗಿಂತ ಹತ್ತಿರದಿಂದ ಕೇಳಿಸಿರಬೇಕು.

ಥಾಣೇದಾರ್ ಮನೆಯನ್ನು ಡೆಟ್ರಾಯಿಟ್‌ಗೆ ಬದಲಿಸಿದರು. 2020ರಲ್ಲಿ ರಾಜ್ಯ ವಿಧಾನಸಭೆಯ 3ನೆಯ ಕ್ಷೇತ್ರದಿಂದ ಗೆದ್ದು, ಎರಡು ವರ್ಷ ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ ಶಾಸಕರಾಗಿದ್ದರು. ಅಷ್ಟರಲ್ಲಿ ಗಣತಿಯ ನಂತರದ ಕ್ಷೇತ್ರ ಮರುವಿಂಗಡಣೆ ಬಂತು. ಪ್ರತಿನಿಧಿ ಸಭೆಯಲ್ಲಿ ಮಿಷಿಗನ್‌ನ ಸ್ಥಾನಗಳು 14ರಿಂದ 13ಕ್ಕೆ ಇಳಿದವು. ಡೆಟ್ರಾಯಿಟ್ ಭಾಗದ ಹಾಲಿ ಸದಸ್ಯೆಯರಲ್ಲಿ ರಶೀದಾ ತಲೈಬ್ ಪಕ್ಕದ 12ನೆಯ ಕ್ಷೇತ್ರ ಆರಿಸಿಕೊಂಡರು, ಬ್ರೆಂಡಾ ಲಾರೆನ್ಸ್ ನಿವೃತ್ತಿ ಘೋಷಿಸಿದರು. ಡೆಟ್ರಾಯಿಟ್‌ನ ಬಹುಭಾಗ, ಹೈಲ್ಯಾಂಡ್ ಪಾರ್ಕ್, ಶ್ರೀಮಂತರ ಗ್ರೋಸ್ ಪಾಯಿಂಟ್ ಎಲ್ಲವನ್ನೂ ಒಳಗೊಂಡ ಹೊಸ 13ನೆಯ ಕ್ಷೇತ್ರಕ್ಕೆ ಹಾಲಿ ಸದಸ್ಯರೇ ಇಲ್ಲದಂತಾಯಿತು.

2022ರ ಆಗಸ್ಟ್‌ನ ಪ್ರೈಮರಿಯಲ್ಲಿ ಒಂಬತ್ತು ಮಂದಿ ನಿಂತರು. ಥಾಣೇದಾರ್ ಸ್ವಂತದ 50 ಲಕ್ಷ ಡಾಲರಿಗೂ ಮಿಕ್ಕಿ ಪ್ರಚಾರಕ್ಕೆ ಹಾಕಿದರು. ಎದುರಾಳಿ, ರಾಜ್ಯ ಸೆನೆಟರ್ ಆಡಮ್ ಹಾಲಿಯರ್ ಪರವಾಗಿ ಹೊರಗಿನ ಗುಂಪುಗಳು ಲಕ್ಷಗಟ್ಟಲೆ ಡಾಲರ್ ಸುರಿದವು. ಥಾಣೇದಾರ್ ಶೇಕಡಾ 28ರಷ್ಟು ಮತದಲ್ಲೇ ಗೆದ್ದರು, ಹಾಲಿಯರ್ ಸುಮಾರು ಐದು ಅಂಶ ಹಿಂದೆ ಉಳಿದರು. ನವೆಂಬರ್‌ನ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿಯ ಎದುರು ಶೇಕಡಾ 71ರಷ್ಟು ಮತ ಬಂತು. ಡೆಮಾಕ್ರಟರ ಭದ್ರ ಕ್ಷೇತ್ರದಲ್ಲಿ ನಿಜವಾದ ಕದನ ಪ್ರೈಮರಿಯೇ.

ಈ ಗೆಲುವಿಗೆ ಇನ್ನೊಂದು ಮುಖವಿದೆ, ಅದನ್ನು ನಾವು ಇಲ್ಲಿಂದ ಹೆಮ್ಮೆಪಡುವಾಗ ಮರೆಯಬಾರದು. ಚಾರ್ಲ್ಸ್ ಡಿಗ್ಸ್ 1955ರಲ್ಲಿ ಸಂಸತ್ತಿಗೆ ಹೋದಂದಿನಿಂದ ಡೆಟ್ರಾಯಿಟ್‌ಗೆ ಒಬ್ಬರಾದರೂ ಕರಿಯ ಪ್ರತಿನಿಧಿ ಇದ್ದೇ ಇದ್ದರು. ಜಾನ್ ಕಾನ್ಯರ್ಸ್ ಅರ್ಧ ಶತಮಾನ ಅಲ್ಲಿಂದಲೇ ಆರಿಸಿಬಂದರು. 2023ರಲ್ಲಿ ಆ ಸರಣಿ ಕಡಿಯಿತು. ಗುಲಾಮಗಿರಿಯ ನೆನಪನ್ನೂ ಮತದ ಹಕ್ಕಿಗಾಗಿ ಹೋರಾಡಿದ ನೆನಪನ್ನೂ ಹೊತ್ತ ಸಮುದಾಯ, ಹಣವುಳ್ಳ ಹೊರಗಿನವರೊಬ್ಬರು ಬಂದು ತನ್ನ ಪೀಠ ತೆಗೆದುಕೊಂಡರೆಂದು ನೊಂದುಕೊಂಡಿತು. ಕರಿಯ ಅಭ್ಯರ್ಥಿಗಳ ನಡುವೆ ಮತ ಹಂಚಿಹೋದದ್ದೂ ಕಾರಣ. 2024ರಲ್ಲಿ ಸಂಸತ್ತಿನ ಕರಿಯ ಸದಸ್ಯರಲ್ಲಿ ಕೆಲವರು ಬಹಿರಂಗವಾಗಿಯೇ ಹಾಲಿಯರ್ ಪರ ನಿಂತರು. ಸಹಿಗಳು ಸಾಲದೆ ಹಾಲಿಯರ್ ಅವರ ನಾಮಪತ್ರ ಬಿದ್ದುಹೋಯಿತು. ಥಾಣೇದಾರ್ ನಗರಸಭಾ ಸದಸ್ಯೆ ಮೇರಿ ವಾಟರ್ಸ್ ಅವರನ್ನು ಸೋಲಿಸಿ, ಈ ಸಲ ಅರ್ಧಕ್ಕಿಂತ ಹೆಚ್ಚು ಮತದಿಂದಲೇ ಉಳಿದುಕೊಂಡರು.

ಸಂಸತ್ತಿನಲ್ಲಿ

ಆಂತರಿಕ ಭದ್ರತೆ ಮತ್ತು ಸಣ್ಣ ಉದ್ಯಮಗಳ ಸಮಿತಿಗಳಲ್ಲಿ ಅವರಿಗೆ ಸ್ಥಾನ ಸಿಕ್ಕಿತು. ಎರಡನೆಯದು ಅವರ ಅನುಭವಕ್ಕೆ ಹೊಂದುವಂಥದು. 2023ರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನ ಅಮೆರಿಕನ್ನರ ಸಂಸದೀಯ ಕೂಟವನ್ನು ಹುಟ್ಟುಹಾಕಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಇಸ್ರೇಲ್ ಮೇಲೆ ಹಮಾಸ್ ದಾಳಿ ನಡೆದ ನಂತರದ ಪ್ರದರ್ಶನವೊಂದನ್ನು ಖಂಡಿಸಿ ಡೆಮಾಕ್ರಟಿಕ್ ಸೋಷಲಿಸ್ಟ್ಸ್ ಸಂಘಟನೆಯ ಸದಸ್ಯತ್ವ ಬಿಟ್ಟರು. 2025ರ ಏಪ್ರಿಲ್ ಕೊನೆಯಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ವಿರುದ್ಧ ಏಳು ಆರೋಪಗಳ ಮಹಾಭಿಯೋಗ ನಿರ್ಣಯ ಮಂಡಿಸಿದರು. ಸ್ವಂತ ಪಕ್ಷದ ನಾಯಕರೇ ಅದಕ್ಕೆ ಕೈಜೋಡಿಸಲಿಲ್ಲ. ಮೇ ತಿಂಗಳಲ್ಲಿ ಮತಕ್ಕೆ ಹಾಕುವ ಪ್ರಯತ್ನವನ್ನು ಕೊನೆಗಳಿಗೆಯಲ್ಲಿ ಹಿಂದಕ್ಕೆ ತೆಗೆದುಕೊಂಡರು. ಸಭೆಯಲ್ಲಿ ಗೆಳೆಯರನ್ನು ಕೂಡಿಸಿ ಎಣಿಸಿಕೊಂಡು ಹೆಜ್ಜೆ ಇಡುವುದು ಶಾಸನಸಭೆಯ ಕಸುಬು. ಒಬ್ಬನೇ ನಿರ್ಧಾರ ಮಾಡುವುದು ಮಾಲೀಕನ ರೂಢಿ. ಈ ರೂಢಿ ಅವರನ್ನು ಪೂರ್ತಿ ಬಿಟ್ಟಿಲ್ಲವೆಂದು ಈ ಪ್ರಸಂಗ ತೋರಿಸುತ್ತದೆ.

ಒಟ್ಟಾವಾದಲ್ಲಿ ಕನ್ನಡ

ಚಂದ್ರ ಆರ್ಯ 1963ರಲ್ಲಿ ತುಮಕೂರು ಜಿಲ್ಲೆ ಸಿರಾ ತಾಲೂಕಿನ ದ್ವಾರಾಳು ಎಂಬ ಹಳ್ಳಿಯಲ್ಲಿ ಹುಟ್ಟಿದರು. ಎಂಜಿನಿಯರಿಂಗ್ ಓದಿದ ಮೇಲೆ ಧಾರವಾಡಕ್ಕೆ ಬಂದು ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಎಂ.ಬಿ.ಎ. ಮಾಡಿದರು. 2006ರಲ್ಲಿ ಕುಟುಂಬದೊಂದಿಗೆ ಕೆನಡಾಕ್ಕೆ ಹೋದರು. ಒಟ್ಟಾವಾದಲ್ಲಿ ಹೂಡಿಕೆ ಸಲಹೆಗಾರರಾಗಿ, ಬಳಿಕ ತಂತ್ರಜ್ಞಾನದ ಸಣ್ಣ ಕಂಪನಿಯ ಕಾರ್ಯನಿರ್ವಾಹಕರಾಗಿ ದುಡಿದು, ಇಂಡೋ-ಕೆನಡಾ ಒಟ್ಟಾವಾ ವಾಣಿಜ್ಯ ಮಂಡಳಿಯ ಅಧ್ಯಕ್ಷರಾದರು. ಹೋದ ಒಂಬತ್ತೇ ವರ್ಷಕ್ಕೆ, 2015ರ ಅಕ್ಟೋಬರ್‌ನಲ್ಲಿ, ಲಿಬರಲ್ ಪಕ್ಷದಿಂದ ನೇಪಿಯನ್ ಕ್ಷೇತ್ರ ಗೆದ್ದರು. 2019 ಮತ್ತು 2021ರಲ್ಲಿ ಪುನಃ ಗೆದ್ದರು.

ಕನ್ನಡಿಗರು ಅವರನ್ನು ನೆನೆಯುವುದು 2022ರ ಮೇ ತಿಂಗಳ ಒಂದು ಚಿಕ್ಕ ಭಾಷಣಕ್ಕಾಗಿ. ಕೆನಡಾದ ಸಂಸತ್ತಿನಲ್ಲಿ ಎದ್ದುನಿಂತು ತಾಯ್ನುಡಿಯಲ್ಲಿ ಮಾತಾಡಿ, ಭಾರತದ ಹೊರಗಿನ ಸಂಸತ್ತೊಂದರಲ್ಲಿ ಕನ್ನಡ ಕೇಳಿಬಂದದ್ದು ಇದೇ ಮೊದಲು ಎಂದರು. ರಾಜ್‌ಕುಮಾರ್ ಹಾಡಿ ಮನೆಮಾತಾದ ಕುವೆಂಪು ಅವರ ಕವಿತೆಯೊಂದನ್ನು ನೆನೆದು ಮಾತು ಮುಗಿಸಿದರು. ನವೆಂಬರ್ ತಿಂಗಳನ್ನು ಹಿಂದೂ ಪರಂಪರೆಯ ಮಾಸವೆಂದು ಗುರುತಿಸುವ ಅವರ ನಿರ್ಣಯಕ್ಕೂ ಅದೇ ವರ್ಷ ಸಭೆ ಒಪ್ಪಿಗೆ ಕೊಟ್ಟಿತು. ಖಲಿಸ್ತಾನಿ ಉಗ್ರವಾದವನ್ನು ಬಹಿರಂಗವಾಗಿ ವಿರೋಧಿಸಿದ್ದು ಅವರಿಗೆ ಬೆಂಬಲವನ್ನೂ ಬೆದರಿಕೆಯನ್ನೂ ತಂದಿತು.

2025 ಅವರಿಗೆ ಕಹಿಯಾಯಿತು. ಜಸ್ಟಿನ್ ಟ್ರುಡೊ ಕೆಳಗಿಳಿದಾಗ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸುವುದಾಗಿ ಆರ್ಯ ಘೋಷಿಸಿದರು. ಪಕ್ಷ ಅದಕ್ಕೆ ಅವಕಾಶ ಕೊಡಲಿಲ್ಲ. ಮಾರ್ಚ್‌ನಲ್ಲಿ ನೇಪಿಯನ್‌ನ ಉಮೇದುವಾರಿಕೆಯನ್ನೂ ರದ್ದು ಮಾಡಿತು. ಅದೇ ಕ್ಷೇತ್ರದಿಂದ ಹೊಸ ಪ್ರಧಾನಿ ಮಾರ್ಕ್ ಕಾರ್ನಿ ನಿಂತು ಏಪ್ರಿಲ್ 28ರಂದು ಗೆದ್ದರು. ಹತ್ತು ವರ್ಷ ದುಡಿದ ಕ್ಷೇತ್ರ ಒಂದು ಪತ್ರದಿಂದ ಕೈಬಿಟ್ಟಿತು.

ಹಣ ಮತ್ತು ಕಾಯಿದೆ

ಇಬ್ಬರ ದಾರಿ ಬೇರೆಯಾಗಲು ಸ್ವಭಾವಕ್ಕಿಂತ ಹೆಚ್ಚಾಗಿ ಆಯಾ ದೇಶದ ಕಾನೂನು ಕಾರಣ. ಅಮೆರಿಕದಲ್ಲಿ ಬೇರೆಯವರು ಅಭ್ಯರ್ಥಿಗೆ ಕೊಡುವ ದೇಣಿಗೆಗೆ ಮಿತಿಯಿದೆ. ಆದರೆ ಅಭ್ಯರ್ಥಿ ತನ್ನ ಸ್ವಂತ ಹಣವನ್ನು ಎಷ್ಟು ಬೇಕಾದರೂ ಸುರಿಯಬಹುದೆಂದು 1976ರ ಬಕ್ಲಿ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಂಪನಿ ಮಾರಿದ ಹಣ ನೇರವಾಗಿ ಮತಯಾಚನೆಯ ಜಾಹೀರಾತಾಗಬಲ್ಲದು. ಪ್ರೈಮರಿಯಲ್ಲಿ ಪಕ್ಷದ ಹಿರಿಯರು ಬೇಡವೆಂದರೂ ಜನರ ಬಳಿ ನೇರ ಹೋಗಬಹುದು. ಈ ಎರಡು ಬಾಗಿಲು ಇಲ್ಲದಿದ್ದರೆ ಥಾಣೇದಾರ್ ವಾಷಿಂಗ್ಟನ್ ತಲುಪುವುದು ಕಷ್ಟವಿತ್ತು. ಕೆನಡಾದಲ್ಲಿ ಕಂಪನಿ ಮತ್ತು ಕಾರ್ಮಿಕ ಸಂಘಗಳ ದೇಣಿಗೆಗೆ ನಿಷೇಧವಿದೆ, ಅಭ್ಯರ್ಥಿ ಸ್ವಂತದ್ದನ್ನು ಹಾಕಿಕೊಳ್ಳುವುದಕ್ಕೂ 5,000 ಡಾಲರಿನ ಮಿತಿಯಿದೆ. ಅಲ್ಲಿ ಹಣ ಆಳುವುದಿಲ್ಲ, ಪಕ್ಷ ಆಳುತ್ತದೆ. ಆರ್ಯ ಪಕ್ಷದ ಬಲದಿಂದ ಬೇಗ ಮೇಲೆ ಬಂದರು, ಪಕ್ಷದ ನಿರ್ಧಾರದಿಂದ ಅಷ್ಟೇ ಬೇಗ ಹೊರಗಾದರು. ಭಾರತದಲ್ಲಿ ದೊಡ್ಡ ರಾಜ್ಯಗಳ ಲೋಕಸಭಾ ಅಭ್ಯರ್ಥಿಯ ವೆಚ್ಚಕ್ಕೆ 2022ರಿಂದ 95 ಲಕ್ಷ ರೂಪಾಯಿಯ ಮಿತಿಯಿದೆ, ಟಿಕೆಟ್ ಕೊಡುವುದು ಪಕ್ಷವೇ.

ಪೌರತ್ವದ ಪ್ರಶ್ನೆಯೂ ಇದೆ. ಅಮೆರಿಕದ ಸಂವಿಧಾನದ ಪ್ರಕಾರ ಪ್ರತಿನಿಧಿ ಸಭೆಗೆ ನಿಲ್ಲುವವರಿಗೆ 25 ವರ್ಷ ತುಂಬಿರಬೇಕು, ಪೌರತ್ವ ಬಂದು 7 ವರ್ಷ ಆಗಿರಬೇಕು. ಪಂಜಾಬಿನಿಂದ 1920ರಲ್ಲಿ ಹೋದ ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ, ವ್ಯಾಪಾರ ಮಾಡಿಕೊಂಡು ದಶಕಗಳೇ ಕಾಯಬೇಕಾಯಿತು. ಭಾರತೀಯರಿಗೆ ಪೌರತ್ವ ಕೊಡುವ ಕಾಯಿದೆ ಬಂದದ್ದು 1946ರಲ್ಲಿ, ಸೌಂದ್ ಅವರಿಗೆ ಪೌರತ್ವ ಸಿಕ್ಕಿದ್ದು 1949ರಲ್ಲಿ. 1956ರ ಚುನಾವಣೆ ಗೆದ್ದು ಅವರು ಅಲ್ಲಿನ ಸಂಸತ್ತಿನ ಮೊದಲ ಭಾರತೀಯ ಮೂಲದ ಸದಸ್ಯರಾದರು. ಇತ್ತ ಭಾರತ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ಹೊರದೇಶದ ಪೌರತ್ವ ಪಡೆದ ಗಳಿಗೆಗೆ ಇಲ್ಲಿನದು ಹೋಗುತ್ತದೆ. ಥಾಣೇದಾರ್ ಆಗಲಿ ಆರ್ಯ ಆಗಲಿ ಹುಟ್ಟಿದೂರಿನಲ್ಲಿ ಇಂದು ಒಂದು ಮತವನ್ನೂ ಹಾಕಲಾರರು. ಇದರ ಇನ್ನೊಂದು ಬದಿಯನ್ನು ಕರ್ನಾಟಕವೇ ಕಂಡಿದೆ: ಇಟಲಿಯಲ್ಲಿ ಹುಟ್ಟಿ 1983ರಲ್ಲಿ ಭಾರತದ ಪೌರರಾದ ಸೋನಿಯಾ ಗಾಂಧಿ 1999ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದರು.

ಹುಬ್ಬಳ್ಳಿಯ ಇನ್ನಿಬ್ಬರು

ಊರು ಬಿಟ್ಟವರ ಜೊತೆ ಊರಲ್ಲಿ ನಿಂತವರನ್ನೂ ಹೇಳಬೇಕು. ಗದಗಿನ ಮುದ್ರಣೋದ್ಯಮದ ಮನೆಯಲ್ಲಿ 1950ರಲ್ಲಿ ಹುಟ್ಟಿದ ವಿಜಯ ಸಂಕೇಶ್ವರ 1976ರಲ್ಲಿ ಒಂದು ಲಾರಿಯಿಂದ ಸರಕು ಸಾಗಣೆ ಶುರುಮಾಡಿ, ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ವಿಆರ್‌ಎಲ್ ಕಟ್ಟಿದರು. ಬಿಜೆಪಿಯಿಂದ 1996, 1998, 1999ರಲ್ಲಿ ಧಾರವಾಡ ಉತ್ತರ ಕ್ಷೇತ್ರದ ಲೋಕಸಭಾ ಸದಸ್ಯರಾದರು. ನಡುವೆ 'ವಿಜಯ ಕರ್ನಾಟಕ' ಪತ್ರಿಕೆ ತೆಗೆದು, 2006ರಲ್ಲಿ ಅದನ್ನು ಮಾರಿ, 2012ರಲ್ಲಿ 'ವಿಜಯವಾಣಿ' ಹೊರಡಿಸಿದರು. ಪಕ್ಷ ಬಿಟ್ಟು ಕಟ್ಟಿದ ಕನ್ನಡ ನಾಡು ಪಕ್ಷ ಮಾತ್ರ ನೆಲೆ ನಿಲ್ಲಲಿಲ್ಲ. ಲಾರಿ, ಪತ್ರಿಕೆ ಎರಡನ್ನೂ ಗೆಲ್ಲಿಸಿದ ಅವರಿಗೆ ಸ್ವಂತ ಪಕ್ಷ ಕೈಗೂಡದಿರುವುದು ಇಲ್ಲಿಯ ವ್ಯವಸ್ಥೆಯಲ್ಲಿ ಪಕ್ಷದ ತೂಕ ಎಷ್ಟೆಂಬುದನ್ನು ಹೇಳುತ್ತದೆ.

ಹುಬ್ಬಳ್ಳಿಯಲ್ಲೇ ಹುಟ್ಟಿದ ಗುರುರಾಜ ದೇಶಪಾಂಡೆ ಐಐಟಿ ಮದ್ರಾಸ್, ಆಮೇಲೆ ಕೆನಡಾದಲ್ಲಿ ಓದಿ, ಅಮೆರಿಕದಲ್ಲಿ ಕ್ಯಾಸ್ಕೇಡ್, ಸೈಕಮೋರ್ ಎಂಬ ಜಾಲತಂತ್ರಜ್ಞಾನದ ಕಂಪನಿಗಳನ್ನು ಕಟ್ಟಿದರು. ಸಂಪತ್ತಿನಲ್ಲಿ ಅವರು ಥಾಣೇದಾರ್‌ಗಿಂತ ಬಹಳ ಮುಂದೆ. ಚುನಾವಣೆಗೆ ಮಾತ್ರ ಹೋಗಲಿಲ್ಲ. 2010ರಲ್ಲಿ ಬರಾಕ್ ಒಬಾಮ ಅವಧಿಯಲ್ಲಿ ನಾವೀನ್ಯ ಮತ್ತು ಉದ್ಯಮಶೀಲತೆಯ ರಾಷ್ಟ್ರೀಯ ಸಲಹಾ ಮಂಡಳಿಯ ಸಹ ಅಧ್ಯಕ್ಷರಾದರು, ಹುಬ್ಬಳ್ಳಿಗೆ ದೇಶಪಾಂಡೆ ಫೌಂಡೇಶನ್ ತಂದರು. ತವರಿಗೆ ಆದ ಪ್ರಯೋಜನವನ್ನೇ ಅಳೆದರೆ ಈ ನಾಲ್ವರಲ್ಲಿ ದೇಶಪಾಂಡೆ ಮತ್ತು ಸಂಕೇಶ್ವರರ ಪಾಲು ದೊಡ್ಡದು. ಒಂದು ಊರು ತನ್ನವರು ದೂರದ ಸಂಸತ್ತಿಗೆ ಹೋದದ್ದಕ್ಕೆ ಸಂತೋಷಪಡಲಿ, ಆದರೆ ಡೆಟ್ರಾಯಿಟ್‌ನ ಪ್ರತಿನಿಧಿ ಉತ್ತರ ಹೇಳಬೇಕಾದದ್ದು ಡೆಟ್ರಾಯಿಟ್‌ಗೆ.

ಥಾಣೇದಾರ್ ಅವರ ಆತ್ಮಕಥೆ ಮರಾಠಿಯಲ್ಲಿದೆ, ಅವರ ಚುನಾವಣೆಗಳ ದಾಖಲೆ ಮಿಷಿಗನ್‌ನಲ್ಲಿದೆ, ಆರ್ಯರ ಭಾಷಣಗಳು ಕೆನಡಾದ ಸಂಸತ್ತಿನ ಕಡತದಲ್ಲಿವೆ. ಇವರನ್ನು ಓದಿಸಿದ ವಿಶ್ವವಿದ್ಯಾಲಯಕ್ಕೆ 2024ರಲ್ಲಿ ಎಪ್ಪತ್ತೈದು ತುಂಬಿದೆ, 1973ರ ಸುಮಾರಿಗೆ ಪದವಿ ಪಡೆದವರ ವಯಸ್ಸೂ ಎಪ್ಪತ್ತು ದಾಟಿದೆ. ಹೊರದೇಶಗಳಿಗೆ ಹೋದ ತನ್ನ ಪದವೀಧರರ ಪತ್ರ, ಸಂದರ್ಶನ, ಸಹಪಾಠಿಗಳ ನೆನಪು ಇವನ್ನೆಲ್ಲ ಕನ್ನಡದಲ್ಲಿ ಕೂಡಿಹಾಕುವ ಕೆಲಸವನ್ನು ಧಾರವಾಡ ಈಗಲೇ ಕೈಗೆತ್ತಿಕೊಳ್ಳಬೇಕು. ಅವರೊಡನೆ ಓದಿದವರು, ಪಾಠ ಹೇಳಿದವರು ತಮ್ಮಲ್ಲಿರುವ ಫೋಟೊ, ಕಾಗದಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟರೆ ಅಲ್ಲಿಂದಲೇ ಆ ಕೆಲಸ ಶುರುವಾದೀತು.